ಬೆನ್ನ ಮೇಲಿನ ನಲವತ್ತೈದು

ಇಪ್ಪತ್ತಮೂರು ವರ್ಷ ನಾನು ನನ್ನ ವಯಸ್ಸನ್ನು ಗಂಡನಿಂದ ಮುಚ್ಚಿಟ್ಟಿದ್ದೆ. ಮುಚ್ಚಿಡಬೇಕೆಂದು ನನಗೇನೂ ಹಟವಿರಲಿಲ್ಲ. ಮದುವೆ ಮಾತಿನ ದಿನ ನಮ್ಮಮ್ಮ ನಾಲ್ಕು ವರ್ಷ ನುಂಗಿ ನೀರು ಕುಡಿದಿದ್ದಳು, ಅಷ್ಟೇ. ತುಮಕೂರಿನ ಕಡೆಯ ನಮ್ಮ ಮನೆಯಲ್ಲಿ ಅಪ್ಪ ತೀರಿಹೋಗಿದ್ದರಿಂದ ನನ್ನ ಮದುವೆ ತಡವಾಗಿ ನನಗೆ ಇಪ್ಪತ್ತಮೂರು ತುಂಬಿತ್ತು. ನೋಡಲು ಬಂದ ಹುಡುಗನಿಗೆ ಇಪ್ಪತ್ತೆರಡು. ಹುಡುಗನ ತಾಯಿ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಕೇಳಿದರು, “ಹುಡುಗಿಗೆ ಎಷ್ಟಾಯ್ತು?” ನಮ್ಮಮ್ಮ ಕಣ್ಣು ಮಿಟುಕಿಸದೆ “ಹತ್ತೊಂಬತ್ತು” ಅಂದಳು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಅವಳು ಒಂದೇ ಸುಳ್ಳಿನಲ್ಲಿ ಕೆಲಸ ಮುಗಿಸಿದಳು.

ಜಾತಕ ನೋಡುವ ಪದ್ಧತಿ ಎರಡೂ ಮನೆಗಳಲ್ಲಿ ಇರಲಿಲ್ಲ. ನಾನು ಹುಟ್ಟಿದ ತಾರೀಕು ಬರೆದಿದ್ದ ಕಾಗದ ಒಂದೇ, ನನ್ನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು. ಅಮ್ಮ ಅದನ್ನು ರವಿಕೆ ಕಣದಲ್ಲಿ ಸುತ್ತಿ ನನ್ನ ಟ್ರಂಕಿನ ತಳದಲ್ಲಿಟ್ಟು, “ಇದು ಆ ಮನೆಯಲ್ಲಿ ಯಾರ ಕಣ್ಣಿಗೂ ಬೀಳಕೂಡದು, ನನ್ನಾಣೆ” ಎಂದು ಹೇಳಿ ಕಳಿಸಿದಳು. ಹೀಗೆ ನಾನು ಗಂಡನಿಗಿಂತ ಒಂದು ವರ್ಷ ದೊಡ್ಡವಳಾಗಿ ಹುಟ್ಟಿ, ಮೂರು ವರ್ಷ ಚಿಕ್ಕವಳಾಗಿ ಜಯನಗರದ ಮನೆಗೆ ಬಂದೆ.

ಚಿಕ್ಕವಳಾಗಿರುವುದರ ಸುಖವನ್ನು ಏನೆಂದು ಹೇಳಲಿ! ಸಾರಿಗೆ ಉಪ್ಪು ಹೆಚ್ಚಾದರೆ ನಮ್ಮತ್ತೆ, “ಪಾಪ, ಚಿಕ್ಕೋಳು, ಇನ್ನೂ ಕೈ ಪಳಗಿಲ್ಲ” ಅನ್ನುತ್ತಿದ್ದರು. ನಾನು ಏನಾದರೂ ಎದುರು ಮಾತಾಡಿದರೆ, “ಚಿಕ್ಕ ವಯಸ್ಸು, ಬಾಯಿಗೆ ಬೀಗವಿಲ್ಲ” ಅನ್ನುತ್ತಿದ್ದರು. ನಮ್ಮ ಯಜಮಾನರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮೆತ್ತನೆಯ ಮನುಷ್ಯ. ಅವರೂ ವಾದದಲ್ಲಿ ಸೋಲುವ ಹೊತ್ತಿಗೆ, “ನಿನಗಿಂತ ಮೂರು ವರ್ಷ ಹೆಚ್ಚು ಅನ್ನ ತಿಂದಿದ್ದೀನಿ ಕಣೇ” ಎಂದು ಎದ್ದುಬಿಡುತ್ತಿದ್ದರು. ನನ್ನ ಮೈಯೆಲ್ಲ ಉರಿಯುತ್ತಿತ್ತು. ಬಾಯಿ ತುದಿಗೆ ಬಂದ ಮಾತನ್ನು ನುಂಗಿಕೊಂಡು ಒಳಗೆ ಹೋಗಿ ಪಾತ್ರೆ ಕುಕ್ಕುತ್ತಿದ್ದೆ.

ಇದಾದರೂ ತಮಾಷೆ ಅನ್ನೋಣ. ತಮಾಷೆಯಲ್ಲದ್ದು ಎಪ್ಪತ್ತರ ದಶಕದ ಮೊದಲಲ್ಲಿ ನಡೆಯಿತು. ಬೊಮ್ಮನಹಳ್ಳಿ ಕಡೆ ಆಗ ಹೊಸದಾಗಿ ಎದ್ದಿದ್ದ ಕಾರ್ಖಾನೆಯೊಂದರ ಆಫೀಸಿಗೆ ಹೆಂಗಸರು ಬೇಕಾಗಿದ್ದರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು, ಅಕ್ಷರ ಚೆನ್ನಾಗಿರಬೇಕು. ಯಜಮಾನರೇ ಅರ್ಜಿ ತಂದುಕೊಟ್ಟರು. ಅತ್ತೆಯನ್ನೂ ಅವರೇ ಹೇಗೋ ಒಪ್ಪಿಸಿದರು. ನಾನು ಅಕ್ಷರ ಸುಂದರವಾಗಿ ಬರೆಯುತ್ತಿದ್ದವಳು. ಅರ್ಜಿ ತುಂಬಿ ಕೊನೆಯ ಸಾಲಿಗೆ ಬಂದರೆ, ಸರ್ಟಿಫಿಕೇಟು ಲಗತ್ತಿಸಬೇಕು ಎಂದಿತ್ತು. ನಾನು ಅದು ಕಳೆದುಹೋಗಿದೆ ಎಂದುಬಿಟ್ಟೆ. ಸರ್ಟಿಫಿಕೇಟು ಮಲಗುವ ಕೋಣೆಯ ಟ್ರಂಕಿನಲ್ಲಿ, ನಾನು ಕೂತಿದ್ದ ಜಾಗದಿಂದ ಹತ್ತು ಹೆಜ್ಜೆ ದೂರದಲ್ಲಿತ್ತು. “ಹೋಗ್ಲಿ ಬಿಡು, ಚಿಕ್ಕೋಳಿದ್ದಾಗ ಜೋಪಾನ ಎಲ್ಲಿರುತ್ತೆ” ಎಂದು ಅತ್ತೆ ಸಮಾಧಾನ ಬೇರೆ ಮಾಡಿದರು. ಅವತ್ತು ನಾನು ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ನಮ್ಮಮ್ಮನ ಮೇಲೆ ಅಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಓಟ ಶುರುವಾದದ್ದು ಅದಾದ ಎಷ್ಟೋ ವರ್ಷಕ್ಕೆ. ಯಜಮಾನರಿಗೆ ಸಕ್ಕರೆ ಕಾಯಿಲೆ ಬಂತು. ದಿನಾ ಬೆಳಿಗ್ಗೆ ನಾಲ್ಕು ಮೈಲಿ ನಡೆಯಿರಿ ಎಂದರು ಡಾಕ್ಟರು. ಒಬ್ಬರೇ ಹೋಗಲು ಬೇಜಾರೆಂದು ನನ್ನನ್ನೂ ಎಳೆದುಕೊಂಡು ಹೋದರು. ಮೂರನೇ ದಿನಕ್ಕೆ ಅವರು ಹೊದ್ದು ಮಲಗಿದರು, ನಾನು ನಿಲ್ಲಿಸಲಿಲ್ಲ. ಜೆ.ಪಿ. ನಗರ ಆಗ ಬರೀ ಸೈಟಿನ ಕಲ್ಲುಗಳು, ನೀಲಗಿರಿ ಮರಗಳು. ಅದನ್ನು ದಾಟಿದರೆ ಪುಟ್ಟೇನಹಳ್ಳಿ ಕೆರೆ. ಅಲ್ಲಿ ಒಂದು ದಿನ ನಾಲ್ಕು ನಾಯಿ ಅಟ್ಟಿಸಿಕೊಂಡು ಬಂದವು. ಸೀರೆ ಎತ್ತಿ ಕಟ್ಟಿ ಓಡಿದೆ ನೋಡಿ, ನಾಯಿಗಳು ನಿಂತ ಮೇಲೂ ನಾನು ನಿಲ್ಲಲಿಲ್ಲ. ನಿಲ್ಲಲು ಮನಸ್ಸೇ ಬರಲಿಲ್ಲ. ಎದೆ ಬಡಿದುಕೊಳ್ಳುತ್ತಿತ್ತು, ಮುಖಕ್ಕೆ ತಣ್ಣನೆ ಗಾಳಿ, ಹಿಂದೆ ಯಾರೂ ಚಿಕ್ಕೋಳು ಅನ್ನುವವರಿಲ್ಲ. ಮಾರನೆಯ ದಿನ ನಾಯಿಗಳಿಲ್ಲದೆಯೂ ಓಡಿದೆ.

ಮೂವತ್ತು ದಾಟಿದ ಹೆಂಗಸು ರಸ್ತೆಯಲ್ಲಿ ಓಡಿದರೆ ಆ ಕಾಲದಲ್ಲಿ ಜನ ಸುಮ್ಮನೆ ಬಿಡುತ್ತಿರಲಿಲ್ಲ. ಹಾಲಿನವರು, ಹೂವಿನವರು, ಬಾಗಿಲಿಗೆ ನೀರು ಹಾಕುವವರು ಎಲ್ಲರೂ, “ಏನಾಯ್ತಮ್ಮ? ಯಾರಿಗೇನಾಯ್ತು?” ಎಂದು ಗಾಬರಿಯಿಂದ ಕೇಳುತ್ತಿದ್ದರು. ಉತ್ತರ ಕೊಡದೆ ಹೋದರೆ ಮರ್ಯಾದೆಯಲ್ಲ. ನಿಂತು, “ಯಾರಿಗೂ ಏನೂ ಆಗಿಲ್ಲ, ಸುಮ್ನೆ ಓಡ್ತಿದ್ದೀನಿ” ಅಂದರೆ ಅವರಿಗೆ ಇನ್ನೂ ಗಾಬರಿ. ಒಬ್ಬಾಕೆಯಂತೂ ನನ್ನ ಹಣೆ ಮುಟ್ಟಿ ನೋಡಿದರು.

ನಮ್ಮ ಬ್ಲಾಕಿನ ಮೈದಾನದಲ್ಲಿ ನಿವೃತ್ತ ವ್ಯಾಯಾಮದ ಮೇಷ್ಟ್ರೊಬ್ಬರು ವಯಸ್ಸಾದವರನ್ನೆಲ್ಲ ಸೇರಿಸಿಕೊಂಡು ಓಡಿಸುತ್ತಿದ್ದರು. ಅವರ ಗುಂಪಿಗೆ ಸೇರಿಕೊಂಡೆ. ಮನೆಯಿಂದ ಸೀರೆ ಉಟ್ಟುಕೊಂಡೇ ಹೊರಡುತ್ತಿದ್ದೆ, ಒಳಗೆ ಯಜಮಾನರ ಹಳೆಯ ಪ್ಯಾಂಟು. ಮೈದಾನ ಬಂದ ಮೇಲೆ ಸೀರೆ ಬಿಚ್ಚಿ ಮಡಿಸಿ ಬುಟ್ಟಿಯಲ್ಲಿಡುತ್ತಿದ್ದೆ. ಅತ್ತೆಗೆ ಇದು ಗೊತ್ತಿತ್ತು, ಆದರೆ ಕಣ್ಣಿಗೆ ಬೀಳದ್ದನ್ನು ಅವರು ಜಗಳಕ್ಕೆ ತರುತ್ತಿರಲಿಲ್ಲ. ಎಂಬತ್ತರ ದಶಕದ ನಡುವೆ ಮೇಷ್ಟ್ರು ಮತ್ತು ಅವರ ಸ್ನೇಹಿತರು ಸೇರಿ ಹಿರಿಯರಿಗೆಂದೇ ವರ್ಷಕ್ಕೊಂದು ಅರ್ಧ ಮ್ಯಾರಥಾನ್ ಪಂದ್ಯ ಶುರುಮಾಡಿದರು. ಇಪ್ಪತ್ತೊಂದು ಕಿಲೋಮೀಟರು. ಜಯನಗರದಿಂದ ಹೊರಟು ಬನಶಂಕರಿ ದಾಟಿ ಕನಕಪುರ ರಸ್ತೆಯಲ್ಲಿ ತಲಘಟ್ಟಪುರದ ಹತ್ತಿರ ತಿರುಗಿ, ಬರುವಾಗ ಪುಟ್ಟೇನಹಳ್ಳಿ, ಜೆ.ಪಿ. ನಗರದ ಮೇಲೆ ವಾಪಸ್ಸು ಮೈದಾನಕ್ಕೆ. ನಲವತ್ತಕ್ಕೆ ಮೇಲ್ಪಟ್ಟವರು, ನಲವತ್ತೈದಕ್ಕೆ ಮೇಲ್ಪಟ್ಟವರು, ಐವತ್ತಕ್ಕೆ ಮೇಲ್ಪಟ್ಟವರು ಎಂದು ಗುಂಪು ಮಾಡಿ ಓಡಿಸುತ್ತಿದ್ದರು.

ಮೊದಲ ಎರಡು ವರ್ಷ ನಾನು ಮನೆಯ ಲೆಕ್ಕದ ವಯಸ್ಸು ಬರೆಸಿ ನಲವತ್ತರ ಗುಂಪಿನಲ್ಲಿ ಓಡಿದೆ. ಎರಡು ವರ್ಷವೂ ಎರಡನೆಯವಳಾದೆ. ಮಲ್ಲೇಶ್ವರದ ಕಡೆಯ ಬ್ಯಾಂಕಿನಾಕೆಯೊಬ್ಬರು, ಕಾಲೇಜಿನಲ್ಲಿ ಓಡಿ ಗೆದ್ದವರು, ಎರಡು ಸಲವೂ ಕೊನೆಯ ಮೈಲಿಯಲ್ಲಿ ನನ್ನನ್ನು ಹಿಂದಿಕ್ಕಿದರು. ಆಕೆ ನನ್ನ ಸಮವಯಸ್ಸಿನವರು ಎಂದು ಎಲ್ಲರೂ ತಿಳಿದಿದ್ದರು. ನಿಜಕ್ಕೆ ನನಗಿಂತ ನಾಲ್ಕು ವರ್ಷ ಚಿಕ್ಕವರು. ಅದನ್ನೂ ಹೇಳುವಂತಿಲ್ಲ! ಸೋತದ್ದಕ್ಕೆ ಇರುವ ಒಂದೇ ಒಂದು ನ್ಯಾಯವಾದ ಸಬೂಬನ್ನೂ ಬಾಯಿಬಿಟ್ಟು ಹೇಳಲಾಗದ ಸಂಕಟ ನಿಮಗೆ ಗೊತ್ತಾಗಲಿಕ್ಕಿಲ್ಲ.

ಮೂರನೇ ವರ್ಷ ಮೇಷ್ಟ್ರು ಹೊಸ ನಿಯಮ ತಂದರು. ಲೋಕವೆಲ್ಲ ವಯಸ್ಸು ಇಳಿಸಿ ಹೇಳುತ್ತದೆ, ಈ ಹಿರಿಯ ಓಟಗಾರರ ಲೋಕ ಮಾತ್ರ ಉಲ್ಟಾ. ಇಲ್ಲಿ ಐವತ್ತು ತುಂಬಿದರೆ ಬಡ್ತಿ ಸಿಕ್ಕ ಹಾಗೆ. ಮುದುಕರ ಗುಂಪಿಗೆ ಹೋಗಿ ಅಲ್ಲಿ ಎಲ್ಲರಿಗಿಂತ ಹರೆಯದವರಾಗಿ ಗೆಲ್ಲಬಹುದಲ್ಲ. ಹಿಂದಿನ ವರ್ಷ ಒಬ್ಬ ಮಹಾಶಯ ತಲೆಗೆ ಬಣ್ಣ ಹಚ್ಚುವುದನ್ನು ನಿಲ್ಲಿಸಿ, ನಲವತ್ತೇಳಕ್ಕೇ ಐವತ್ತರ ಗುಂಪು ಸೇರಿ ಬಹುಮಾನದ ಕಪ್ ಹೊಡೆದುಕೊಂಡು ಹೋಗಿದ್ದ. “ಇನ್ನು ಮೇಲೆ ಸರ್ಟಿಫಿಕೇಟು ಕೊಟ್ಟೋರಿಗೆ ಮಾತ್ರ ನಂಬರು,” ಎಂದರು ಮೇಷ್ಟ್ರು. “ಗೆಜೆಟೆಡ್ ಆಫೀಸರ್ ಸೀಲು ಹಾಕಿಸಿ ತನ್ನಿ. ನೀವೂ ಅಷ್ಟೇ ತಾಯಿ, ಬೇಜಾರು ಮಾಡ್ಕೋಬೇಡಿ.”

ಮನೆಗೆ ಬಂದು ಯಜಮಾನರಿಗೆ ಹೇಳಿದೆ. “ಅದಕ್ಯಾಕೆ ಮುಖ ಸಪ್ಪಗೆ ಮಾಡ್ಕೊಂಡಿದ್ದೀಯ?” ಎಂದರು. “ಸರ್ಟಿಫಿಕೇಟು ಕಳ್ದೋಗಿದೆ ಅಂತ ಅಫಿಡವಿಟ್ ಮಾಡಿಸಿದ್ರಾಯ್ತು. ನಲವತ್ತೆರಡು ಅಂತ ನಾನೇ ಪ್ರಮಾಣ ಮಾಡಿ ಸೈನ್ ಹಾಕ್ತೀನಿ. ನಾಳೆ ಅರ್ಧ ದಿನ ರಜಾ ಹಾಕಿ ಕೋರ್ಟ್ ಹತ್ರ ಹೋಗ್ಬರ್ತೀನಿ.”

ಕಚೇರಿಯಲ್ಲಿ ಒಂದು ತಪ್ಪು ಅಂಕಿ ಬರೆದರೂ ಊಟ ಬಿಡುವ ಮನುಷ್ಯ, ನನ್ನ ಮೇಲಿನ ನಂಬಿಕೆಯಿಂದ ಸುಳ್ಳಿಗೆ ಪ್ರಮಾಣ ಮಾಡಲು ಹೊರಟಿದ್ದರು. ಇದು ನಮ್ಮಮ್ಮ ಶುರುಮಾಡಿದ್ದು, ಇವರ ಕೈಯಲ್ಲಿ ಮುಂದುವರಿಸಲಾರೆ ಅನ್ನಿಸಿತು. ಓಟ ಬಿಟ್ಟುಬಿಡಬೇಕು, ಇಲ್ಲವೇ ಸರ್ಟಿಫಿಕೇಟು ತೆಗೆಯಬೇಕು. ಕೆಲಸ ಒಂದು ಸಲ ಬಿಟ್ಟಾಗಿತ್ತು. ಇನ್ನೊಂದು ಸಲ ಬಿಡಲು ನನ್ನ ಹತ್ತಿರ ಇದ್ದದ್ದಾದರೂ ಏನು? ಬೆಳಿಗ್ಗೆಯ ಆ ಎರಡು ಗಂಟೆ ಒಂದೇ. “ಬೇಡ ರೀ, ಮೇಷ್ಟ್ರಿಗೆ ಹೇಳ್ತೀನಿ, ಒಪ್ಕೋತಾರೆ” ಎಂದು ಅವರ ಬಾಯಿ ಮುಚ್ಚಿಸಿ, ಮಾರನೆಯ ದಿನ ಅವರು ಕಚೇರಿಗೆ ಹೋದ ಮೇಲೆ ಟ್ರಂಕು ತೆಗೆದೆ.

ನಕಲು ಮಾಡಿಸಿದ್ದಾಯಿತು. ಸೀಲು ಹಾಕುವವರು ಯಾರು? ನಮ್ಮ ಬೀದಿಯ ದೊಡ್ಡ ಅಧಿಕಾರಿಗಳೆಲ್ಲ ಯಜಮಾನರಿಗೆ ಪರಿಚಯ. ಕೊನೆಗೆ ಬನಶಂಕರಿ ಕಡೆಯ ದನದ ಆಸ್ಪತ್ರೆಗೆ ಹೋದೆ. ದನದ ಡಾಕ್ಟರೂ ಗೆಜೆಟೆಡ್ ಆಫೀಸರೇ. ಬೆಂಗಳೂರಿನ ಅರ್ಧ ಜನ ಆಗ ಅವರ ಹತ್ತಿರವೇ ಸೀಲು ಹಾಕಿಸುತ್ತಿದ್ದದ್ದು. ಒಂದು ಎಮ್ಮೆ, ಎರಡು ಸೀಮೆಹಸು, ಆಮೇಲೆ ನಾನು, ಹೀಗೆ ಸಾಲು. ಡಾಕ್ಟರು ಮೂಲ ಕಾಗದ ನೋಡಿದರು, ನನ್ನ ಮುಖ ನೋಡಿದರು.

“ಇದು ಯಾರ್ದಮ್ಮ?”

“ನಂದೇ ಸಾರ್.”

“ಎಲ್ಲಾರೂ ಕಡಿಮೆ ಹೇಳ್ಕೊಂಡು ಬರ್ತಾರೆ. ಹಸು ಮಾರೋರು ಸಮೇತ ಎರಡು ವರ್ಷ ನುಂಗ್ತಾರೆ, ನಾನು ಹಲ್ಲು ನೋಡಿ ಹಿಡೀತೀನಿ. ನೀವು ಜಾಸ್ತಿ ಇರೋದನ್ನ ತಂದು ಸೀಲು ಹಾಕಿ ಅಂತಿದ್ದೀರಲ್ಲ!”

“ನನ್ನ ಹಲ್ಲು ನೋಡೋದು ಬೇಡ ಸಾರ್, ಸೀಲು ಹಾಕಿ ಸಾಕು” ಅಂದೆ. ಅವರು ಬಿದ್ದು ಬಿದ್ದು ನಕ್ಕು ಸೀಲು ಒತ್ತಿದರು. ನಾನೂ ನಕ್ಕೆ.

ಮೇಷ್ಟ್ರು ಕಾಗದ ನೋಡಿ ಏನೂ ಕೇಳಲಿಲ್ಲ. ಹಳೆಯ ಗುಂಪಿನಿಂದ ಹೊಡೆದುಹಾಕಿ ಹೊಸ ಗುಂಪಿನಲ್ಲಿ ನನ್ನ ಹೆಸರು ಬರೆದುಕೊಂಡರು. ಅಲ್ಲಿಗೆ ಮುಗಿಯಿತು, ಮನೆಯಲ್ಲಿ ಗೊತ್ತಾಗಬೇಕಿಲ್ಲ ಎಂದುಕೊಂಡೆ. ಪಂದ್ಯದ ಹಿಂದಿನ ಸಂಜೆ ನಂಬರು ತರಲು ಹೋದರೆ, ಎರಡು ಬಟ್ಟೆ ಚೌಕ ಕೊಟ್ಟರು. ಒಂದು ಎದೆಗೆ, ಅದರಲ್ಲಿ ನನ್ನ ನಂಬರು. ಇನ್ನೊಂದು ಬೆನ್ನಿಗೆ. ಅದರಲ್ಲಿ ಅಂಗೈಯಗಲದ ಕೆಂಪು ಅಕ್ಷರದಲ್ಲಿ 45. ಹಿಂದಿನಿಂದ ಬರುವವರಿಗೆ ಮುಂದಿರುವವರು ತಮ್ಮ ಗುಂಪಿನವರೋ ಅಲ್ಲವೋ ತಿಳಿಯಬೇಕಲ್ಲ, ಅದಕ್ಕೆ ಈ ಏರ್ಪಾಡು. “ಭದ್ರವಾಗಿ ಹೊಲ್ಕೊಂಡು ಬನ್ನಿ ತಾಯಿ, ಬೆನ್ನಿಗೆ ಅದಿಲ್ದಿದ್ರೆ ಓಡಿದ್ದು ಲೆಕ್ಕಕ್ಕಿಲ್ಲ” ಎಂದರು ಮೇಷ್ಟ್ರು.

ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಕೂತು ಹೊಲಿಯುತ್ತಿದ್ದೆ. ಅತ್ತೆ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಧರಿಸಿ ಬಂದು ಎದುರಿಗೆ ಕೂತರು. ಓದು ಅಷ್ಟಕ್ಕಷ್ಟೇ, ಆದರೆ ಅಂಕಿ ಚೆನ್ನಾಗಿ ಗೊತ್ತು.

“ಇದೇನೇ ಇದು ನಲವತ್ತೈದು?”

ಅಲ್ಲೇ ಹೇಳಿಬಿಡಬೇಕಿತ್ತು. “ನಂಬರು ಅತ್ತೆ” ಅಂದೆ.

“ಎದೆ ಮೇಲೆ ಒಂದು ನಂಬರು, ಬೆನ್ನ ಮೇಲೆ ಒಂದು ನಂಬರಾ?”

“ಹೂಂ. ಬಸ್ಸಿಗಿಲ್ವಾ? ರೂಟ್ ನಂಬರು ಬೇರೆ, ಗಾಡಿ ನಂಬರು ಬೇರೆ.”

ಅತ್ತೆ ಒಪ್ಪಿಕೊಂಡರು. ಪೇಪರು ಓದುತ್ತಿದ್ದ ಯಜಮಾನರೂ ತಲೆಯೆತ್ತಿ ನೋಡಿ, “ಚೆನ್ನಾಗಿ ಕಾಣ್ಸುತ್ತೆ” ಎಂದು ಮತ್ತೆ ಪೇಪರಿಗೆ ಬಿದ್ದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಮ್ಮಮ್ಮ ಸುಳ್ಳು ಹೇಳಿದಳೆಂದು ಇಷ್ಟು ವರ್ಷ ಶಪಿಸಿದವಳು ನಾನೇ. ಈಗ ಅವಳ ಮಗಳು ಬಸ್ಸನ್ನು ಅಡ್ಡ ತಂದು ಇನ್ನೊಂದು ಸುಳ್ಳು ಹೊಲಿದಿದ್ದಳು.

ಪಂದ್ಯದ ಬೆಳಿಗ್ಗೆ ಜಯನಗರದಲ್ಲಿ ಮಂಜು ಮುಸುಕಿತ್ತು. ನಲವತ್ತು ಐವತ್ತು ಜನ ಗಂಡಸರು, ಒಂಬತ್ತು ಜನ ಹೆಂಗಸರು. ಓಟಗಾರರ ಮನೆಯವರು ಸೈಕಲ್ಲಿನಲ್ಲಿ ಜೊತೆಗೆ ಬರಬಹುದಿತ್ತು. ಯಜಮಾನರು ಎರಡು ವರ್ಷದಿಂದಲೂ ಬರುತ್ತಿದ್ದರು. ಹ್ಯಾಂಡಲ್ಲಿಗೆ ಚೀಲ, ಚೀಲದಲ್ಲಿ ಗ್ಲೂಕೋಸ್ ನೀರಿನ ಬಾಟಲಿ, ತಲೆಗೆ ಮಂಕಿ ಕ್ಯಾಪು. ನನಗಿಂತ ಅವರಿಗೇ ಹೆಚ್ಚು ಗಡಿಬಿಡಿ. ನಾನು ಗೆಲ್ಲಬೇಕೆಂದು ನಿಜವಾಗಿ ಹಂಬಲಿಸುತ್ತಿದ್ದ ಒಬ್ಬರು ಆ ಮಂಜಿನಲ್ಲಿ ಇದ್ದರೆ ಅದು ಅವರು. ಅದಕ್ಕೇ ಅವರ ಮುಖ ನೋಡದೆ ಗೆರೆಯ ಹತ್ತಿರ ಹೋಗಿ ನಿಂತೆ.

ತಲಘಟ್ಟಪುರದವರೆಗೆ ಎಲ್ಲ ಸರಿಯಾಗಿತ್ತು. ತಿರುಗುವಾಗ ಹೆಂಗಸರಲ್ಲಿ ಬ್ಯಾಂಕಿನಾಕೆ ಮೊದಲು, ಒಂದು ಫರ್ಲಾಂಗು ಹಿಂದೆ ನಾನು. ಕೋಣನಕುಂಟೆ ದಾಟಿ, ಮಂಜು ಕರಗಿ ಬಿಸಿಲು ಬಂತು. ಯಜಮಾನರು ನನ್ನ ಹಿಂದೆಯೇ ಸೈಕಲ್ ತುಳಿಯುತ್ತಿದ್ದರು. ಅಂದರೆ ಒಂದೂಕಾಲು ಗಂಟೆಯಿಂದ ಅವರ ಕಣ್ಣೆದುರಿಗೆ ಇದ್ದದ್ದು ನನ್ನ ಬೆನ್ನು. ಗುಮಾಸ್ತರ ಕಣ್ಣು ಅಂಕಿಯ ಮೇಲೆ ಅಷ್ಟು ಹೊತ್ತು ಸುಮ್ಮನೆ ಇದ್ದೀತೇ? ಪಕ್ಕಕ್ಕೆ ಬಂದರು.

“ಲೇ, ಅಲ್ಲಿ ಮುಂದೆ ಹೋಗ್ತಿದ್ದಾರಲ್ಲ, ಮೀಸೆಯವರು, ಅವರ ಬೆನ್ನ ಮೇಲೂ ನಲವತ್ತೈದು ಇದೆ.”

ನಾನು ಓಡುತ್ತಲೇ ಇದ್ದೆ.

“ಆಗ್ಲೇ ನೀನು ಹಿಂದೆ ಹಾಕಿದ್ಯಲ್ಲ, ಬೊಕ್ಕತಲೆಯವರು, ಅವರಿಗೆ ಐವತ್ತು. ಆ ಬ್ಯಾಂಕಿನೋರಿಗೆ ನಲವತ್ತು. ಅದು ವಯಸ್ಸಲ್ವೇನೇ?”

ಹದಿನಾಲ್ಕು ಕಿಲೋಮೀಟರು ಓಡಿದ ಮೇಲೆ ಎದೆಯಲ್ಲಿ ಎಷ್ಟು ಉಸಿರು ಉಳಿದಿರುತ್ತದೆ ಗೊತ್ತೇ? ಒಂದು ಮಾತಿಗಾಗುವಷ್ಟು. ನಿಜ ಒಂದು ಮಾತಿನಲ್ಲಿ ಮುಗಿಯುತ್ತದೆ. ಸುಳ್ಳಿಗೆ ಬಸ್ಸು, ರೂಟು, ಗಾಡಿ ಎಲ್ಲ ತರಬೇಕು.

“ಹೂಂ,” ಅಂದೆ. “ವಯಸ್ಸು.”

“ನಿನಗೆ ನಲವತ್ತೆರಡಲ್ವಾ?”

“ಅಲ್ಲ. ನಲವತ್ತಾರು.”

“ಅಂದ್ರೆ ನನಗಿಂತ…”

“ಒಂದು ವರ್ಷ. ದೊಡ್ಡೋಳು. ಸರ್ಟಿಫಿಕೇಟು… ಕಳ್ದಿರ್ಲಿಲ್ಲ.”

ಪಕ್ಕದಲ್ಲಿ ಕಿರ್ರ್ ಕಿರ್ರ್ ಅನ್ನುತ್ತಿದ್ದ ಚೈನಿನ ಸದ್ದು ನಿಂತುಹೋಯಿತು. ತಿರುಗಿ ನೋಡಿದೆ. ಸೈಕಲ್ಲಿನಿಂದ ಇಳಿದು, ರಸ್ತೆ ಬದಿಯಲ್ಲಿ ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ನಿಂತಿದ್ದರು. ಓಟದ ನಡುವೆ ನಾನು ನಿಂತರೆ ಕಾಲು ಹಿಡಿದುಕೊಳ್ಳುತ್ತದೆ, ನಿಲ್ಲುವಂತಿಲ್ಲ. ಹಿಂದಕ್ಕೆ ಓಡಿ ಹೋಗಿ ಅವರ ಕೈ ಹಿಡಿದುಕೊಳ್ಳಬೇಕು ಅನ್ನಿಸಿತು. ಹೋಗಲಿಲ್ಲ. ಮುಂದಕ್ಕೇ ಓಡಿದೆ. ಕಣ್ಣಲ್ಲಿ ನೀರು ಬಂದು, ಬೆವರಿನ ಜೊತೆ ಸೇರಿ ಬಾಯಿಗೆ ಉಪ್ಪುಪ್ಪಾಗಿ ಇಳಿಯುತ್ತಿತ್ತು.

ಪುಟ್ಟೇನಹಳ್ಳಿ ಕೆರೆ ಬರುವ ಹೊತ್ತಿಗೆ ದುಃಖ ಹೋಗಿ ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ, ಅಳು ನನ್ನ ಹತ್ತಿರ ಹೆಚ್ಚು ಹೊತ್ತು ಇರುವುದಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ, ಎಲ್ಲರ ಮೇಲೂ. ತೀರಿಹೋಗಿದ್ದ ನಮ್ಮಮ್ಮನ ಮೇಲೆ, ಹುಡುಗಿಗೆ ಎಷ್ಟಾಯ್ತು ಎಂದು ಕೇಳಿದವರ ಮೇಲೆ, ನೀರಿನ ಬಾಟಲಿ ಸಮೇತ ನಿಂತುಬಿಟ್ಟ ಗಂಡನ ಮೇಲೆ. ನಲವತ್ತಾರು ಅಂದರೆ ಏನು ರೋಗವೇ? ನಾನು ಬದುಕಿ ಸವೆಸಿದ ವರ್ಷಗಳು ಅವು. ಅದರಲ್ಲಿ ನಾಲ್ಕನ್ನು ಟ್ರಂಕಿನ ತಳದಲ್ಲಿ ಹಾಕಿ ಬೀಗ ಜಡಿಯಲು ಇವರೆಲ್ಲ ಯಾರು? ಬಾಯಿ ಒಣಗಿ ನಾಲಗೆ ಅಂಟಿಕೊಳ್ಳುತ್ತಿತ್ತು. ಕಾಲು ಮಾತ್ರ ಸಿಟ್ಟಿನಲ್ಲಿ ತಾನಾಗಿ ಹೋಗುತ್ತಿತ್ತು.

ಜೆ.ಪಿ. ನಗರದ ಏರಿನಲ್ಲಿ ಬ್ಯಾಂಕಿನಾಕೆ ಕಂಡರು. ಪ್ರತಿ ವರ್ಷ ಆಕೆ ನನ್ನನ್ನು ದಾಟುತ್ತಿದ್ದ ಜಾಗವದು. ಈ ಸಲ ನಾನು ದಾಟಿದೆ. ಹಿಂದಿನಿಂದ ಆಕೆಯ ಧ್ವನಿ ಕೇಳಿತು, “ಮೇಡಂ! ನಿಮಗೆ ನಲವತ್ತೈದಾ?”

“ನಲವತ್ತಾರು!” ಎಂದು ತಿರುಗದೆ ಕೂಗಿದೆ.

“ಅಯ್ಯಯ್ಯೋ!” ಅಂದರು ಪಾಪ. ಎರಡನೇ ಸಲ ಹೇಳುವಾಗ ಮೊದಲಿನಷ್ಟು ಕಷ್ಟವಾಗಲಿಲ್ಲ. ಆಮೇಲೆ ಮೈದಾನದವರೆಗೆ ನನ್ನ ಹಿಂದೆ ಇದ್ದವರೆಲ್ಲ ಆ ಕೆಂಪು ಅಂಕಿಯನ್ನು ಓದಿಕೊಂಡೇ ಬಂದರು, ಓದಲಿ ಎಂದೇ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಓಡಿದೆ. ಒಂಬತ್ತು ಹೆಂಗಸರಲ್ಲಿ, ಯಾವ ಗುಂಪೇ ಆಗಲಿ, ಮೊದಲು ಹಗ್ಗ ಮುಟ್ಟಿದವಳು ನಾನು. ಎರಡು ಗಂಟೆಯಾಗಲು ಇನ್ನೂ ನಿಮಿಷಗಳು ಉಳಿದಿದ್ದವು. ಮೇಷ್ಟ್ರು ಗಡಿಯಾರ ನೋಡಿ, ಕನ್ನಡಕ ಒರೆಸಿ, ಮತ್ತೆ ಗಡಿಯಾರ ನೋಡಿದರು.

ಯಾರೋ ನೀರು ಕೊಟ್ಟರು. ಶಾಮಿಯಾನದ ಕಂಬ ಹಿಡಿದು ನಿಂತು ಹುಡುಕಿದೆ. ಮಂಕಿ ಕ್ಯಾಪು ಎಲ್ಲೂ ಕಾಣಲಿಲ್ಲ. ಗೆದ್ದ ಸಂತೋಷವನ್ನು ಯಾರಿಗೆ ಹೇಳಬೇಕೋ ಅವರೇ ಇಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಒಂದು ಆಟೋ ನಿಂತಿತು. ಮೊದಲು ಇಳಿದವರು ನಮ್ಮತ್ತೆ. ಸ್ನಾನ ಮಾಡಿದ ಒದ್ದೆ ಕೂದಲು ಹಾಗೇ ಇತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಹಿಂದೆ ಯಜಮಾನರು, ತಲೆ ತಗ್ಗಿಸಿಕೊಂಡು. ಸೈಕಲ್ಲಿನಲ್ಲಿ ಸೀದಾ ಮನೆಗೆ ಹೋಗಿ ತಾಯಿಗೆ ಹೇಳಿದ್ದರು, ತಾಯಿ ಇದ್ದ ಹಾಗೇ ಹೊರಟು ಬಂದಿದ್ದರು.

“ಏನೇ, ಇವನು ಹೇಳಿದ್ದು ನಿಜವಾ?”

“ನಿಜ ಅತ್ತೆ.”

“ನಾಲ್ಕು ವರ್ಷ!”

“ನಾಲ್ಕು ವರ್ಷ.”

“ಉಪ್ಪಿಟ್ಟಿನ ತಟ್ಟೆ ನನ್ನ ಕೈಗೆ ಕೊಟ್ಟು ನಿಮ್ಮಮ್ಮ ನನ್ನ ಮುಖ ನೋಡಿ ಹತ್ತೊಂಬತ್ತು ಅಂದ್ಲಲ್ಲೇ! ಸತ್ತೋರ ಬಗ್ಗೆ ಆಡಬಾರದು ಅಂತ ಸುಮ್ನಿದ್ದೀನಿ. ನೀನಾದ್ರೂ ಹೇಳ್ಬೋದಿತ್ತಲ್ಲ? ನಿನ್ನೆ ಸಂಜೆ ಕೂಡ ಬಸ್ಸು ಬಸ್ಸು ಅಂತ ನನ್ನ ಕಿವಿಗೆ ಹೂವಿಟ್ಟೆ.”

“ತಪ್ಪಾಯ್ತು ಅತ್ತೆ” ಅಂದೆ. ಬಸ್ಸಿನ ವಿಷಯದಲ್ಲಿ ನಿಜಕ್ಕೂ ತಪ್ಪಾಗಿತ್ತು. ಅಷ್ಟು ಹೇಳಿ ನಿಲ್ಲಿಸಬೇಕಿತ್ತೇನೋ, ನಾನು ನಿಲ್ಲಿಸಲಿಲ್ಲ. “ಆದ್ರೆ ಆ ನಾಲ್ಕು ವರ್ಷಕ್ಕೆ ನಾನು ಕೆಲಸ ಕಳ್ಕೊಂಡೆ. ಇನ್ನೇನೂ ಕಳ್ಕೊಳ್ಳಲ್ಲ.”

ಯಜಮಾನರು ಆಗ ತಲೆಯೆತ್ತಿ ನನ್ನನ್ನು ನೋಡಿದರು. ಆ ಅರ್ಜಿ, ಅವರೇ ತಂದುಕೊಟ್ಟದ್ದು, ಅವರಿಗೂ ನೆನಪಾಗಿರಬೇಕು. ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಮೈಕಿನಲ್ಲಿ ಬಹುಮಾನಕ್ಕೆ ನನ್ನ ಹೆಸರು ಕೂಗಿದರು.

ಬಹುಮಾನದ ಮೇಜಿನ ಹಿಂದೆ ಮೇಷ್ಟ್ರೇ ನಿಂತು ಫಲಿತಾಂಶ ಓದುತ್ತಿದ್ದರು. ಗಂಡಸರದೆಲ್ಲ ವಯಸ್ಸಿನ ಸಮೇತ ಓದಿದ್ದರು. ನನ್ನ ಸರದಿ ಬಂದಾಗ, ಒಳ್ಳೆಯ ಮನುಷ್ಯ, ಗೇಟಿನ ಹತ್ತಿರದ ಗಲಾಟೆ ಅವರ ಕಣ್ಣಿಗೆ ಬಿದ್ದಿತ್ತೋ ಏನೋ, “ಹೆಣ್ಣುಮಕ್ಕಳ ವಯಸ್ಸು ಹೇಳೋದು ಸಂಪ್ರದಾಯ ಅಲ್ಲ, ಆದ್ದರಿಂದ ಹಿರಿಯ ಮಹಿಳೆಯರಲ್ಲಿ ಪ್ರಥಮ ಅಂತ ಮಾತ್ರ ಹೇಳ್ತೀನಿ” ಎಂದು ಪದಕ ಹಾಕಲು ಬಂದರು. ಮುಚ್ಚಿಡಲು ಇನ್ನೊಬ್ಬರು ಸಹಾಯ ಮಾಡುತ್ತಿದ್ದರು, ಎಷ್ಟು ಪ್ರೀತಿಯಿಂದ! ನಾನು ಅವರ ಕೈಯಿಂದ ಮೈಕು ತೆಗೆದುಕೊಂಡೆ. ಹಿಂದೆಂದೂ ಮೈಕು ಹಿಡಿದವಳಲ್ಲ, ಅದು ಕುಯ್ಯೋ ಎಂದು ಕಿರುಚಿತು.

“ನನಗೆ ನಲವತ್ತಾರು ವರ್ಷ,” ಅಂದೆ. “ಇವತ್ತು ಇಪ್ಪತ್ತೊಂದು ಕಿಲೋಮೀಟರು ಓಡಿ ಗೆದ್ದಿದ್ದೀನಿ. ಎರಡನ್ನೂ ಬರ್ಕೊಳ್ಳಿ.”

ಮೊದಲು ಚಪ್ಪಾಳೆ ಹೊಡೆದವರು ಬ್ಯಾಂಕಿನಾಕೆ. ಆಮೇಲೆ ಮೀಸೆಯವರು, ಬೊಕ್ಕತಲೆಯವರು, ಶಾಮಿಯಾನದಲ್ಲಿದ್ದವರೆಲ್ಲ. ನನ್ನ ಜನ್ಮದಲ್ಲಿ ಅಷ್ಟು ಕೈಗಳು ನನಗಾಗಿ ತಟ್ಟಿದ್ದು ಅದೇ ಮೊದಲು. ಹೆಮ್ಮೆ ಅಂದರೆ ಏನೆಂದು ಅವತ್ತು ಗೊತ್ತಾಯಿತು. ಎದೆ ಉಬ್ಬಿ ಉಸಿರು ಕಟ್ಟಿತು, ಓಡುವಾಗ ಕೂಡ ಅಷ್ಟು ಕಟ್ಟಿರಲಿಲ್ಲ.

ಯಜಮಾನರು ಜನರ ನಡುವೆ ದಾರಿ ಮಾಡಿಕೊಂಡು ಬಂದು ಗ್ಲೂಕೋಸ್ ಬಾಟಲಿ ಮುಂದೆ ಹಿಡಿದರು. “ತಗೋ,” ಎಂದರು. ಆಮೇಲೆ ಏನು ತೋಚಿತೋ, “ತಗೊಳ್ಳಿ” ಎಂದು ತಿದ್ದಿಕೊಂಡರು. ಮುಖ ನೋಡಿದೆ. ತುಟಿಯ ಮೂಲೆಯಲ್ಲಿ ನಗು ತಡೆದುಕೊಂಡಿದ್ದರು, ಕಣ್ಣು ಕೆಂಪಗಾಗಿತ್ತು. ನಾನು ಬಾಟಲಿ ಕಿತ್ತುಕೊಂಡು ಗಟಗಟ ಕುಡಿದೆ.

ನಮ್ಮತ್ತೆ ಇನ್ನೂ ಶಾಮಿಯಾನದ ಅಂಚಿನಲ್ಲೇ ಇದ್ದರು. ಮುಖ ಬಿಗಿದುಕೊಂಡೇ ಇತ್ತು. ಆದರೆ ಸುತ್ತ ಮುತ್ತ ಕುರ್ಚಿಗಳಲ್ಲಿದ್ದವರೆಲ್ಲ ಎದ್ದು ನಿಂತು ತಮ್ಮ ಮನೆಯ ಹೆಂಗಸಿಗೆ ಚಪ್ಪಾಳೆ ಹೊಡೆಯುತ್ತಿದ್ದದ್ದನ್ನು ಅವರು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು ಕೇಳಿದಳು, “ಅಜ್ಜೀ, ಅವರು ನಿಮಗೇನಾಗ್ಬೇಕು?”

ಅತ್ತೆ ಸೆರಗು ಹೊದ್ದುಕೊಂಡು, ಕತ್ತು ಕೊಂಕಿಸಿ, ಮೈಕಿಲ್ಲದೆಯೇ ಇಡೀ ಶಾಮಿಯಾನಕ್ಕೆ ಕೇಳಿಸುವ ಹಾಗೆ ಹೇಳಿದರು:

“ನನ್ನ ಸೊಸೆ ಕಣಮ್ಮ. ನನ್ನ ಮಗನಿಗಿಂತ ದೊಡ್ಡೋಳು. ಅವನು ಸೈಕಲ್ ಮೇಲಿದ್ದ, ಇವಳು ಕಾಲ ಮೇಲೆ ಓಡ್ತಿದ್ಲು. ಆದ್ರೂ ಹಿಂದೆ ಬಿದ್ದೋನು ಅವನೇ.”